ವೆಬ್ ಅಡ್ರೆಸ್ ತಪ್ಪು ಅನ್ನುವ ಮೊದಲು

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೊಬೈಲ್ ಆ್ಯಪ್ ಕಟ್ಟುವ ಕಿರಿಯ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವ ಮನೆತನದ ಹಿರಿಯರೊಬ್ಬರು ನನಗೆ ಪರಿಚಯ. ನಿಮಗೆ ಗೊತ್ತೇ ಇದೆ, ನಮ್ಮ ಕಡೆ ದೊಡ್ಡ ಸನ್ಮಾನ ಅಂದರೆ ಹಾವೇರಿಯ ಏಲಕ್ಕಿ ಹಾರ ಬರಲೇಬೇಕು. ಅವರ ಮಗಳು ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ನಾವು ಆಗ ಸಣ್ಣ ವ್ಯಾಪಾರಸ್ಥರಿಗಾಗಿ ಒಂದು ಆ್ಯಪ್ ಕಟ್ಟಿದ್ದೆವು. ಅಂಗಡಿ ಹೆಸರು, ಫೋನ್ ನಂಬರ್, ವೆಬ್ ಅಡ್ರೆಸ್ ತುಂಬಿದರೆ ಅಂಗಡಿಯ ಪುಟ ತಯಾರು. ಒಂದು ಸಂಜೆ ಅವರ ಫೋನ್ ಬಂತು.

“ತಮ್ಮಾ, ನಿಮ್ಮ ಆ್ಯಪು ನನ್ನ ಅಡ್ರೆಸ್ ತಗೊಳವಲ್ದು ನೋಡು. ನಾಕ್ ಸಲ ಬರದೆ. ನಾಕೂ ಸಲ ತಪ್ಪೈತಿ ಅಂತೈತಿ.”

“ಕಾಕಾ, ಒಂದೊಂದ ಅಕ್ಷರ ಓದಿ ಹೇಳ್ರಿ” ಅಂದೆ. ವಿಸಿಟಿಂಗ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ಓದಿದರು. ಎಲ್ಲ ಸರಿ ಇತ್ತು. ಸ್ಕ್ರೀನ್‌ಶಾಟ್ ಕಳಿಸಲು ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಬಾಕ್ಸ್‌ನ ಕೆಳಗೆ ಕೆಂಪು ಅಕ್ಷರ. ಬಾಕ್ಸ್‌ನ ಒಳಗೆ ಅಡ್ರೆಸ್. ಅಡ್ರೆಸ್‌ನ ಕೊನೆಯ ಅಕ್ಷರಕ್ಕೂ ಕರ್ಸರ್‌ನ ಸಣ್ಣ ಗೆರೆಗೂ ನಡುವೆ ಒಂದು ಕೂದಲೆಳೆಯಷ್ಟು ಜಾಗ ಜಾಸ್ತಿ ಇತ್ತು. ಅಷ್ಟೇ. ಕೀಬೋರ್ಡ್ ಮೇಲ್ಗಡೆ ತೋರಿಸಿದ ಪದವನ್ನು ಅವರು ಮುಟ್ಟಿದ್ದರು. ಕೀಬೋರ್ಡ್ ಆ ಪದ ಹಾಕಿ, ಮುಂದಿನ ಪದಕ್ಕೆ ಅಂತ ಒಂದು ಖಾಲಿ ಜಾಗವನ್ನೂ ಹಾಕಿತ್ತು. ಆ ಖಾಲಿ ಜಾಗಕ್ಕೆ ನಮ್ಮ ಆ್ಯಪ್ ಅವರನ್ನು ನಾಲ್ಕು ಸಲ ತಪ್ಪುಗಾರರನ್ನಾಗಿ ಮಾಡಿತ್ತು.

ಅಳಿಸುವ ಬಟನ್ ಒಂದು ಸಲ ಒತ್ತಲು ಹೇಳಿದೆ. ಒತ್ತಿದರು. ಕೆಂಪು ಹೋಗಲಿಲ್ಲ! ಆಗ ನಾನು ನಮ್ಮ ಕೋಡ್ ತೆಗೆದು ನೋಡಿದೆ. ಅವರ ಅಡ್ರೆಸ್ ‘ಡಾಟ್ ಶಾಪ್’ ಅಂತ ಮುಗಿಯುತ್ತಿತ್ತು. ನಮ್ಮ ಕೋಡ್ ಪ್ರಕಾರ ಕೊನೆಯ ಡಾಟ್ ಆದ ಮೇಲೆ ಎರಡು ಅಥವಾ ಮೂರು ಅಕ್ಷರ ಮಾತ್ರ ಇರಬೇಕು. ಇಂಗ್ಲಿಷ್‌ನಲ್ಲಿ ಶಾಪ್ ನಾಲ್ಕು ಅಕ್ಷರ. ಆ ಸಾಲು ನಾನು ಯೋಚಿಸಿ ಬರೆದದ್ದಲ್ಲ. ಎಲ್ಲೋ ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನು ತಂದು ಹಾಕಿದ್ದೆ. ಕಾಮ್, ಆರ್ಗ್, ಇನ್ ಇವುಗಳಿಗೆ ಸರಿಹೋಯಿತು, ಬಿಟ್ಟುಬಿಟ್ಟೆ.

ಡಾಟ್ ಇನ್ಫೋ, ಡಾಟ್ ಮ್ಯೂಸಿಯಂ ಬಂದಿದ್ದು 2001ರಲ್ಲಿ. ಅಂದರೆ ನಾನು ತಂದು ಹಾಕಿದ ಆ ನಿಯಮ ಆಗಲೇ ಹಳತಾಗಿತ್ತು. 2013ರ ಅಕ್ಟೋಬರ್‌ನಿಂದ ಹೊಸ ಕೊನೆಗಳು ನೂರಾರು ಬಂದವು. ಈಗ ಸಾವಿರಕ್ಕೂ ಜಾಸ್ತಿ ಇವೆ. ಈ ಪಟ್ಟಿಯನ್ನು ಆ್ಯಪ್‌ನ ಒಳಗೆ ಕೂಡಿಸಿಟ್ಟರೆ ಅಂದಿನಿಂದಲೇ ಅದು ಹಳತಾಗಲು ಶುರು. ನಿಮ್ಮ ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳದ ಫೋನ್‌ಗಳು ಈ ಊರಲ್ಲೇ ಎಷ್ಟಿಲ್ಲ?

ಈ ಕೆಲಸವನ್ನು ನಾನು ಬೇರೆ ಥರ ನೋಡಲು ಶುರು ಮಾಡಿದ್ದು ಆವತ್ತಿನಿಂದ. ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಅಡ್ರೆಸ್ ಪರೀಕ್ಷೆ ಅಂದರೆ ಬಾಗಿಲಲ್ಲಿ ನಿಂತು ತಪ್ಪು ಹಿಡಿಯುವುದು. ಈಗ ನಾನು ಹೇಳುವುದು ಇಷ್ಟು: ಬರೆದುಕೊಳ್ಳುವಾಗ ಕೈ ಸಡಿಲ ಇರಬೇಕು, ತೆರೆಯುವಾಗ ಬಿಗಿ ಇರಬೇಕು. ನಾವು ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತೇವೆ. ಟೈಪ್ ಮಾಡುವವರ ಮೇಲೆ ಎಲ್ಲ ಕಟ್ಟುನಿಟ್ಟು ಹೇರುತ್ತೇವೆ. ಒಮ್ಮೆ ಒಳಗೆ ಬಂದ ಅಡ್ರೆಸ್ ಅನ್ನು ಕಣ್ಣು ಮುಚ್ಚಿ ತೆರೆಯುತ್ತೇವೆ.

ಅಂಚೆಯ ಲಕೋಟೆ ನೆನಪಿಸಿಕೊಳ್ಳಿ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಧಾರವಾಡಕ್ಕೆ 580001, ಗದಗಕ್ಕೆ 582101, ಹಾವೇರಿಗೆ 581110. ಯಾರಾದರೂ 581 110 ಅಂತ ನಡುವೆ ಜಾಗ ಬಿಟ್ಟು ಬರೆದರೆ ಅಂಚೆಯವರು ಕಾಗದ ವಾಪಸ್ ಕಳಿಸುತ್ತಾರಾ? ಇಲ್ಲ. ವಿಳಾಸ ಅರ್ಥವಾಗುತ್ತದಾ ಅನ್ನುವುದು ಒಂದು ಪ್ರಶ್ನೆ. ಆ ಓಣಿಯಲ್ಲಿ ಆ ಮನೆ ಇದೆಯಾ ಅನ್ನುವುದು ಎರಡನೆಯದು. ಬಾಗಿಲು ತೆರೆದವರು ನಂಬಿಕಸ್ಥರಾ ಅನ್ನುವುದು ಮೂರನೆಯದು. ಮೂರಕ್ಕೂ ಉತ್ತರ ಸಿಗುವ ಜಾಗ ಬೇರೆ, ಹೊತ್ತೂ ಬೇರೆ. ನಾವು ಮೂರನ್ನೂ ಒಂದೇ ಫಂಕ್ಷನ್‌ನಲ್ಲಿ ತುರುಕಿ, ‘ಸರಿ’ ಅಥವಾ ‘ತಪ್ಪು’ ಅಂತ ಒಂದೇ ಉತ್ತರ ಕೇಳುತ್ತೇವೆ. ಗೋಜಲು ಶುರುವಾಗುವುದು ಇಲ್ಲೇ.

ಮೊದಲ ಪ್ರಶ್ನೆಗೇ ಜಾಸ್ತಿ ಹೊತ್ತು ಕೊಡುತ್ತೇನೆ. ನಿಮ್ಮ ಬಳಕೆದಾರರಿಗೆ ದಿನಾ ತಾಗುವುದು ಅದೇ.

ವೆಬ್ ಅಡ್ರೆಸ್‌ಗೆ ಮೊದಲ ಪೂರ್ತಿ ನಿಯಮಾವಳಿ ಬಂದಿದ್ದು 1994ರ ಡಿಸೆಂಬರ್‌ನಲ್ಲಿ. ವೆಬ್ ಅನ್ನೇ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಮತ್ತು ಇನ್ನಿಬ್ಬರು ಸೇರಿ ಬರೆದರು. 2005ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 3986 (ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್ ನಿಯಮಗಳ ದಾಖಲೆ) ಈಗಲೂ ಆಧಾರ. ಆದರೆ ಬ್ರೌಸರ್‌ಗಳು ಅದಕ್ಕಿಂತ ಉದಾರವಾದ ಇನ್ನೊಂದು ನಿಯಮ ಪಾಲಿಸುತ್ತವೆ. ಹಿಂದೆ ಮುಂದೆ ಜಾಗ ಬಿಟ್ಟಿದ್ದರೆ ತೆಗೆಯುತ್ತವೆ. ಎರಡು ಸ್ಲ್ಯಾಷ್ ಬದಲು ಒಂದೇ ಇದ್ದರೂ ಅರ್ಥ ಮಾಡಿಕೊಳ್ಳುತ್ತವೆ. ಸ್ಲ್ಯಾಷ್ ಉಲ್ಟಾ ಇದ್ದರೂ ನೆಟ್ಟಗೆ ಮಾಡಿಕೊಳ್ಳುತ್ತವೆ. ಹಾಗಾಗಿಯೇ ಕಾಕಾ ನನಗೆ ಕೇಳಿದ್ದು, “ಕ್ರೋಮ್‌ನ್ಯಾಗ ಬರೋಬ್ಬರಿ ತೆರೀತೈತಿ, ನಿಮ್ಮದರಾಗ ಯಾಕ ಆಗವಲ್ದು?” ಇದಕ್ಕೆ ನಾವು ಆರ್‌ಎಫ್‌ಸಿ ಓದಿ ಹೇಳಲು ಆಗುತ್ತದಾ? ಬರ್ನರ್ಸ್-ಲೀ ಅವರೇ 2009ರಲ್ಲಿ ಆ ಎರಡು ಸ್ಲ್ಯಾಷ್ ಬೇಕೇ ಇರಲಿಲ್ಲ ಅಂದರು. ಮಾಡಿದವರೇ ಹೀಗೆ ಹೇಳಿದ ಮೇಲೆ, ಸ್ಲ್ಯಾಷ್ ಬಿಟ್ಟವರನ್ನು ನಾವು ಬೈಯುವುದು ಬೇಡ.

ವಿಸಿಟಿಂಗ್ ಕಾರ್ಡ್ ಮೇಲೆ ಯಾರೂ ಎಚ್‌ಟಿಟಿಪಿಎಸ್ ಅಂತ ಅಚ್ಚು ಹಾಕಿಸುವುದಿಲ್ಲ. ಗದಗದ ಪ್ರೆಸ್‌ಗೆ ಹೋಗಿ ಕೇಳಿ ನೋಡಿ. ಆದ್ದರಿಂದ ಅದು ಇಲ್ಲದಿದ್ದರೆ ನೀವೇ ಸೇರಿಸಿ. ಅಡ್ರೆಸ್‌ನ ಶುರುವಿನಲ್ಲಿ ಕೋಲನ್‌ಗಿಂತ ಮೊದಲು ಬರುವ ಈ ಭಾಗಕ್ಕೆ ಸ್ಕೀಮ್ ಅನ್ನುತ್ತಾರೆ. ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೋಗಿ. ‘ಕೋಲನ್ ಇದ್ದರೆ ಸ್ಕೀಮ್ ಇದೆ’ ಅಂತ ಕೋಡ್ ಬರೆಯುತ್ತೀರಿ ಅಂದುಕೊಳ್ಳಿ. ಯಾರೋ ಅಡ್ರೆಸ್ ಬರೆದು, ಕೋಲನ್ ಹಾಕಿ, 8080 ಅಂತ ಪೋರ್ಟ್ (ಸರ್ವರ್‌ನ ಯಾವ ಬಾಗಿಲು ಅನ್ನುವ ನಂಬರ್) ಬರೆದರು. ಸ್ಕೀಮ್‌ನಲ್ಲಿ ಅಕ್ಷರ, ಅಂಕಿ, ಡಾಟ್, ಹೈಫನ್ ಎಲ್ಲಕ್ಕೂ ಜಾಗ ಇದೆ. ಆದ್ದರಿಂದ ಪಾರ್ಸರ್, ಅಂದರೆ ಅಡ್ರೆಸ್ ಅನ್ನು ಭಾಗ ಭಾಗವಾಗಿ ಬಿಡಿಸುವ ಕೋಡ್, ಡೊಮೇನ್ ಹೆಸರನ್ನೇ ಸ್ಕೀಮ್ ಅಂತ ತಿಳಿಯುತ್ತದೆ. ಕೋಲನ್ ಜೊತೆ ಎರಡು ಸ್ಲ್ಯಾಷ್ ಇದೆಯಾ ನೋಡಿ. ಇಲ್ಲದಿದ್ದರೆ, ನಿಮಗೆ ಗೊತ್ತಿರುವ ನಾಲ್ಕೈದು ಸ್ಕೀಮ್‌ಗಳಲ್ಲಿ ಇದು ಒಂದಾ ಅಂತ ನೋಡಿ.

ಇನ್ನೊಂದು ಘಟನೆ ಹೇಳಬೇಕು. ಅದೇ ಆ್ಯಪ್‌ನಲ್ಲಿ ಅಡ್ರೆಸ್ ಎಲ್ಲವನ್ನೂ ನಾವು ಸಣ್ಣ ಅಕ್ಷರಕ್ಕೆ ಇಳಿಸುತ್ತಿದ್ದೆವು. ಕೀಬೋರ್ಡ್ ಮೊದಲ ಅಕ್ಷರ ದೊಡ್ಡದು ಮಾಡುತ್ತದಲ್ವಾ, ಅದಕ್ಕೆ. ಗದಗ ಕಡೆಯ ಒಂದು ಭಜನಾ ಮಂಡಳಿಯವರು ತಮ್ಮ ಯೂಟ್ಯೂಬ್ ವಿಡಿಯೋದ ಲಿಂಕ್ ಹಾಕಿದರು. ಒತ್ತಿದರೆ ವಿಡಿಯೋ ಇಲ್ಲ ಅಂತ ಬರುತ್ತಿತ್ತು. ತಮ್ಮ ಹಾಡನ್ನು ಯಾರೋ ತೆಗೆಸಿಬಿಟ್ಟರು ಅಂತ ಅವರು ಎರಡು ದಿನ ಬೇಜಾರಲ್ಲಿದ್ದರು. ಡೊಮೇನ್ ಹೆಸರಿಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಅದರ ಮುಂದಿನ ಭಾಗಕ್ಕೆ ಹಾಗಲ್ಲ. ಯೂಟ್ಯೂಬ್ ವಿಡಿಯೋದ 11 ಅಕ್ಷರದ ಗುರುತಿನಲ್ಲಿ ಒಂದು ದೊಡ್ಡಕ್ಷರ ಸಣ್ಣದಾದರೂ ಅದು ಬೇರೆಯೇ ಗುರುತು. ಸಡಿಲ ಇರಬೇಕು ಅಂದೆನಲ್ಲ, ಅದರರ್ಥ ಬರೆದದ್ದನ್ನು ಮನಬಂದಂತೆ ತಿದ್ದುವುದು ಅಲ್ಲ. ಬಳಕೆದಾರರು ಬರೆದದ್ದನ್ನು ಹಾಗೇ ಒಂದು ಕಡೆ ಇಟ್ಟುಕೊಳ್ಳಿ. ತಿದ್ದಿದ ರೂಪ ಬೇರೆ ಇಡಿ. ನಾಳೆ ನಿಮ್ಮ ತಿದ್ದುಪಡಿಯೇ ತಪ್ಪಾದರೆ ಹಿಂದಕ್ಕೆ ಹೋಗಲು ದಾರಿ ಇರುತ್ತದೆ. ನಮಗೆ ಆ ದಾರಿ ಇರಲಿಲ್ಲ. ಮಂಡಳಿಯವರಿಗೆ ಮತ್ತೆ ಫೋನ್ ಮಾಡಿ ಲಿಂಕ್ ಕೇಳಬೇಕಾಯಿತು.

ಇನ್ನು ಫೋನ್‌ನಲ್ಲೇ ಇರುವ ಉಪಕರಣಗಳು. ‘ಆಂಡ್ರಾಯ್ಡ್‌ನಲ್ಲೇ ಒಂದು ಫಂಕ್ಷನ್ ಇದೆ, ಅದನ್ನೇ ಕರೆದರೆ ಆಯಿತು’ ಅಂತ ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಯುಆರ್‌ಎಲ್ ಅಂದರೆ ವೆಬ್ ಅಡ್ರೆಸ್ಸೇ. ಯುಆರ್‌ಎಲ್‌ಯುಟಿಲ್‌ನಲ್ಲಿ ಈಸ್‌ವ್ಯಾಲಿಡ್‌ಯುಆರ್‌ಎಲ್ ಅಂತ ಒಂದಿದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ನೋಡುವುದು ಅಡ್ರೆಸ್‌ನ ಶುರುವನ್ನು ಮಾತ್ರ. ಎಚ್‌ಟಿಟಿಪಿ, ಕೋಲನ್, ಎರಡು ಸ್ಲ್ಯಾಷ್ ಇಷ್ಟೇ ಬರೆದು ಬಿಟ್ಟರೂ ಸರಿ ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಅಂತ ಶುರುವಾಗುವುದನ್ನೂ ಸರಿ ಅನ್ನುತ್ತದೆ. ಅದೇ ಹೊತ್ತಿಗೆ ಎಚ್‌ಟಿಟಿಪಿ ಇಲ್ಲದ ನಮ್ಮ ಕಾಕಾ ಅವರ ಅಡ್ರೆಸ್‌ಗೆ ತಪ್ಪು ಅನ್ನುತ್ತದೆ! ಐಫೋನ್ ಕಡೆ 2023ರವರೆಗೆ ಒಂದು ರೂಢಿ ಇತ್ತು. ಅಕ್ಷರಗಳಿಂದ ಯುಆರ್‌ಎಲ್ ಮಾಡಲು ಹೋಗಿ ನಿಲ್ (ಏನೂ ಇಲ್ಲ ಅನ್ನುವ ಉತ್ತರ) ಬಂದರೆ ತಪ್ಪು ಅಂತ ಲೆಕ್ಕ. ಐಒಎಸ್ 17ರಲ್ಲಿ ಅದು ಬದಲಾಯಿತು. ಹೊಂದದ ಅಕ್ಷರಗಳನ್ನು ತಾನೇ ಪರ್ಸೆಂಟ್ ಗುರುತು ಮತ್ತು ಕೋಡ್‌ಗಳ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ‘ನಾಳೆ ಸಂತೆ ಇದೆ’ ಅಂತ ಬರೆದರೂ ಒಂದು ಯುಆರ್‌ಎಲ್ ಹುಟ್ಟುತ್ತದೆ. ನಿಲ್ ನಂಬಿದ್ದ ಆ್ಯಪ್‌ಗಳ ಕಾವಲು ಹೋಯಿತು. ಕ್ಯಾನ್‌ಓಪನ್‌ಯುಆರ್‌ಎಲ್ ಕೂಡ ಈ ಸ್ಕೀಮ್ ತೆರೆಯುವ ಆ್ಯಪ್ ಇದೆಯಾ ಅಂತ ಮಾತ್ರ ಹೇಳುತ್ತದೆ. ಅಡ್ರೆಸ್ ಬಗ್ಗೆ ಏನೂ ಹೇಳುವುದಿಲ್ಲ.

ನಾನು ಈಗ ಮಾಡುವುದು ಸರಳ. ಹಿಂದೆ ಮುಂದಿನ ಖಾಲಿ ಜಾಗ ತೆಗೆಯುತ್ತೇನೆ. ಸ್ಕೀಮ್ ಇಲ್ಲದಿದ್ದರೆ ಸೇರಿಸುತ್ತೇನೆ. ಒಳ್ಳೆಯ ಪಾರ್ಸರ್ ಕೈಗೆ ಕೊಡುತ್ತೇನೆ. ಅದು ಬಿಡಿಸಿಕೊಟ್ಟ ಭಾಗಗಳಲ್ಲಿ ಹೋಸ್ಟ್ (ಡೊಮೇನ್ ಹೆಸರಿನ ಭಾಗ) ಇದೆಯಾ, ಅದರಲ್ಲಿ ಒಂದು ಡಾಟ್ ಇದೆಯಾ ಅಂತ ನೋಡುತ್ತೇನೆ. ಅಷ್ಟೇ. ಇಡೀ ಅಡ್ರೆಸ್‌ಗೆ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳುವ ಸೂತ್ರ) ಬರೆಯುವುದನ್ನು ಬಿಟ್ಟೆ. ಬಿಡಲು ಇನ್ನೂ ಒಂದು ಕಾರಣ ಇದೆ. ಕೆಟ್ಟದಾಗಿ ಬರೆದ ರೆಜೆಕ್ಸ್ ಕೆಲವು ಅಕ್ಷರ ಸಾಲುಗಳ ಮುಂದೆ ಸಿಕ್ಕಿಕೊಂಡು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ನೋಡುತ್ತಲೇ ಇರುತ್ತದೆ. 2016ರ ಜುಲೈನಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ನಿಂತುಹೋಯಿತು. ಕಾರಣ, ಖಾಲಿ ಜಾಗ ತೆಗೆಯಲು ಬರೆದ ಒಂದು ರೆಜೆಕ್ಸ್, ಮತ್ತು ಸುಮಾರು 20 ಸಾವಿರ ಖಾಲಿ ಜಾಗಗಳಿದ್ದ ಒಂದು ಬರಹ. 2019ರ ಜುಲೈ 2ರಂದು, ಅನೇಕ ವೆಬ್‌ಸೈಟ್‌ಗಳ ಮುಂದೆ ಕಾವಲು ನಿಲ್ಲುವ ಕ್ಲೌಡ್‌ಫ್ಲೇರ್ ಕೂಡ ಒಂದು ರೆಜೆಕ್ಸ್‌ನಿಂದಲೇ ಅರ್ಧ ಗಂಟೆ ಹತ್ತಿರ ಕುಸಿಯಿತು. ನಿಮ್ಮ ಬಳಕೆದಾರರ ಫೋನ್‌ನಲ್ಲಿ ಹೀಗಾದರೆ ಸ್ಕ್ರೀನ್ ಸುಮ್ನೆ ನಿಂತುಬಿಡುತ್ತದೆ. ಅವರು ಆ್ಯಪ್ ತೆಗೆದುಹಾಕುತ್ತಾರೆ. ಯಾಕೆ ಅಂತ ನಿಮಗೆ ಗೊತ್ತೂ ಆಗುವುದಿಲ್ಲ.

ಈಗ ನನಗೆ ಬಹಳ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಕನ್ನಡ.

ಕನ್ನಡ ವಿಕಿಪೀಡಿಯಾದಲ್ಲಿ ಹುಬ್ಬಳ್ಳಿ ಪುಟ ತೆರೆದು ಅದರ ಅಡ್ರೆಸ್ ಕಾಪಿ ಮಾಡಿ. ಅದನ್ನು ನಿಮ್ಮ ಆ್ಯಪ್‌ನಲ್ಲಿ ಹಾಕಿ ನೋಡಿ. ‘ಹುಬ್ಬಳ್ಳಿ’ ಅನ್ನುವ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಅದು ಒಂಬತ್ತು ತುಂಡು: ಹ, ಉಕಾರ, ಬ, ಅರ್ಧಾಕ್ಷರದ ಗುರುತು, ಬ, ಳ, ಮತ್ತೆ ಅದೇ ಗುರುತು, ಳ, ಇಕಾರ. ಇದರಲ್ಲಿ ಐದನ್ನು ಮಾತ್ರ ಯುನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗಳಿಗೆ ನಂಬರ್ ಕೊಡುವ ಪದ್ಧತಿ) ‘ಅಕ್ಷರ’ ಅಂತ ಕರೆಯುತ್ತದೆ. ಉಳಿದ ನಾಲ್ಕು ಬರೀ ಗುರುತುಗಳು. ‘ಎಲ್ಲ ಭಾಷೆಯ ಅಕ್ಷರಕ್ಕೂ ಅವಕಾಶ ಕೊಟ್ಟಿದ್ದೇವೆ’ ಅಂತ ಹೆಮ್ಮೆಯಿಂದ ಬರೆದ ರೆಜೆಕ್ಸ್ ಕೂಡ ಎರಡನೇ ತುಂಡಿಗೇ, ಅಂದರೆ ‘ಹು’ದ ಉಕಾರಕ್ಕೇ, ತಪ್ಪು ಅಂದುಬಿಡುತ್ತದೆ. ಬರೆದವರು ಕನ್ನಡದಲ್ಲಿ ಒಂದು ಸಲವೂ ಪರೀಕ್ಷೆ ಮಾಡಿರುವುದಿಲ್ಲ. ನಾವು ಹುಬ್ಬಳ್ಳಿಯಲ್ಲಿ ಕೂತು ಆ್ಯಪ್ ಮಾಡುವವರು. ನಾವಾದರೂ ಊರ ಹೆಸರು ಹಾಕಿ ನೋಡಬೇಕಲ್ವಾ?

ಉದ್ದದ ವಿಷಯವೂ ಇದೆ. ಬ್ರೌಸರ್‌ನಿಂದ ಕಾಪಿ ಮಾಡಿದಾಗ ಹೆಚ್ಚಿನ ಸಲ ಆ ಪದ ಕನ್ನಡದಲ್ಲಿ ಬರದೆ ಪರ್ಸೆಂಟ್ ಗುರುತಿನ ಸಾಲಾಗಿ ಬರುತ್ತದೆ. ಒಂದೊಂದು ತುಂಡಿಗೆ ಒಂಬತ್ತು ಚಿಹ್ನೆ. ಒಂಬತ್ತೊಂಬತ್ಲೆ ಎಂಬತ್ತೊಂದು. ಊರ ಹೆಸರೇ 81 ಚಿಹ್ನೆ ಆಯಿತು! ಡೇಟಾಬೇಸ್‌ನಲ್ಲಿ ಅಡ್ರೆಸ್‌ಗೆ 100 ಅಂತ ಮಿತಿ ಇಟ್ಟಿದ್ದರೆ, ಎಚ್‌ಟಿಟಿಪಿಎಸ್ ಮತ್ತು ಡೊಮೇನ್ ಸೇರಿ ಅಲ್ಲಿಗೇ ಕಥೆ ಮುಗಿಯಿತು. ನಮ್ಮ ಹುಬ್ಬಳ್ಳಿ ರೈಲ್ವೆ ಸ್ಟೇಷನ್‌ನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಕಟ್ಟಿದ್ದಾರೆ, ಅಡ್ರೆಸ್‌ಗೂ ಧಾರಾಳ ಜಾಗ ಕೊಡಿ. 2000 ಚಿಹ್ನೆಗಿಂತ ಕಡಿಮೆ ಮಿತಿ ಇಡಲೇಬೇಡಿ.

ಡೊಮೇನ್ ಹೆಸರೇ ಕನ್ನಡದಲ್ಲಿ ಇರಬಹುದು. ‘ಡಾಟ್ ಭಾರತ’ ಕನ್ನಡ ಲಿಪಿಯಲ್ಲೇ ಇದೆ. 2013ರಲ್ಲಿ ಹೊಸ ಕೊನೆಗಳು ಬಂದಾಗ ಮೊದಲು ಜಾರಿಗೆ ಬಂದ ನಾಲ್ಕೂ ಅರಬ್ಬಿ, ರಷ್ಯನ್, ಚೀನೀ ಲಿಪಿಯವು. ಇಂಗ್ಲಿಷ್‌ನದು ಒಂದೂ ಇರಲಿಲ್ಲ. ಇಂಥ ಹೆಸರುಗಳು ಒಳಗೊಳಗೆ ಪ್ಯೂನಿಕೋಡ್ ಅನ್ನುವ, ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಇರುವ ರೂಪಕ್ಕೆ ತಿರುಗುತ್ತವೆ. ಎಕ್ಸ್, ಎನ್, ಆಮೇಲೆ ಎರಡು ಹೈಫನ್ ಅಂತ ಅದರ ಶುರು. ‘ಎರಡು ಹೈಫನ್ ಒಟ್ಟಿಗೆ ಬರಬಾರದು’ ಅಂತ ಯಾರೋ ಬರೆದ ನಿಯಮ ನಿಮ್ಮ ಕೋಡ್‌ನಲ್ಲಿ ಇದ್ದರೆ ಇವತ್ತೇ ಹೋಗಿ ತೆಗೆಯಿರಿ. ಡಾಟ್‌ನಿಂದ ಡಾಟ್‌ವರೆಗಿನ ಒಂದು ತುಂಡು 63 ಚಿಹ್ನೆ ದಾಟಬಾರದು ಅನ್ನುವ ಮಿತಿಯನ್ನೂ ಆ ತಿರುಗಿಸಿದ ರೂಪದಲ್ಲೇ ಎಣಿಸಬೇಕು.

ಕಣ್ಣಿಗೆ ಕಾಣದ ಅಕ್ಷರಗಳ ಮಾತೂ ಆಡಬೇಕು. ವಾಟ್ಸ್‌ಆ್ಯಪ್‌ನಿಂದ ಕಾಪಿ ಮಾಡಿದಾಗ ಕಾಣದ ಚಿಹ್ನೆಗಳು ಅಂಟಿಕೊಂಡು ಬರುವುದುಂಟು. ಹಾಗಂತ ಅಡ್ರೆಸ್‌ನ ತುಂಬ ಹುಡುಕಿ ಕಾಣದ್ದನ್ನೆಲ್ಲ ಕಿತ್ತು ಹಾಕಿದರೆ ಕನ್ನಡಕ್ಕೆ ಪೆಟ್ಟು ಬೀಳುತ್ತದೆ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟಕಾರಕ್ಕೂ ವೇಕಾರಕ್ಕೂ ನಡುವೆ ಒಂದು ಕಾಣದ ಚಿಹ್ನೆ ಇರುತ್ತದೆ. ಅದಿಲ್ಲದಿದ್ದರೆ ವಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಪುಟದ ಹೆಸರಿನಿಂದ ಅದನ್ನು ಕಿತ್ತರೆ ಅದು ಬೇರೆ ಹೆಸರಾಗಿ ಲಿಂಕ್ ಸತ್ತೇ ಹೋಗಬಹುದು. ಎರಡು ತುದಿಗಳನ್ನು ಮಾತ್ರ ಸ್ವಚ್ಛ ಮಾಡಿ, ನಡುವೆ ಕೈ ಹಾಕಬೇಡಿ. ಹಾಗೇ ಕನ್ನಡದ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ ಥರ. ‘ಸಂಗೀತ’ ಬರೆಯುವಾಗ ಅನುಸ್ವಾರದ ಬದಲು ಸೊನ್ನೆ ಒತ್ತುವವರು ಇದ್ದಾರೆ. ಡೊಮೇನ್ ಹೆಸರಿನ ನಡುವೆ ಕನ್ನಡದ ಸೊನ್ನೆ ಕಂಡರೆ ‘ಇದು ಅನುಸ್ವಾರವೇ?’ ಅಂತ ಒಂದು ಮಾತು ಕೇಳಬಹುದು. ನೀವೇ ಬದಲಾಯಿಸಬೇಡಿ.

ಬದಲಾಯಿಸುವ ಮಾತು ಬಂತು, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮ ಊರಿನ ಇಂಗ್ಲಿಷ್ ಹೆಸರು ‘ಹುಬ್ಲಿ’ ಇದ್ದದ್ದು 2014ರ ನವೆಂಬರ್ 1ರಂದು ‘ಹುಬ್ಬಳ್ಳಿ’ ಆಯಿತು. ನಮಗೆಲ್ಲ ಸಂತೋಷ. ಆದರೆ ಅದಕ್ಕೂ ಮೊದಲೇ ಡೊಮೇನ್ ಹೆಸರು ಕೊಂಡವರ ಅಡ್ರೆಸ್‌ನಲ್ಲಿ ಹಳೆಯ ಕಾಗುಣಿತವೇ ಇದೆ, ಮುಂದೆಯೂ ಇರುತ್ತದೆ. ಕೀಬೋರ್ಡ್‌ನ ತಿದ್ದುವ ಚಟ ಆ ಹೆಸರನ್ನು ಹೊಸದಕ್ಕೆ ತಿರುಗಿಸಿಬಿಟ್ಟರೆ ಅಡ್ರೆಸ್ ಯಾವುದೋ ಬೇರೆ ಮನೆಗೆ ಹೋಗುತ್ತದೆ. ಇದಕ್ಕೆ ಒಂದು ಸಾಲಿನ ಪರಿಹಾರ ಇದೆ. ಆ ಬಾಕ್ಸ್‌ಗೆ ಆಂಡ್ರಾಯ್ಡ್‌ನಲ್ಲಿ ಟೆಕ್ಸ್ಟ್‌ಯುಆರ್‌ಐ ಅಂತ ಇನ್‌ಪುಟ್ ಟೈಪ್ ಕೊಡಿ. ಐಫೋನ್‌ನಲ್ಲಿ ಯುಆರ್‌ಎಲ್ ಕೀಬೋರ್ಡ್ ಕೊಟ್ಟು, ತಿದ್ದುವುದು ಮತ್ತು ದೊಡ್ಡಕ್ಷರ ಮಾಡುವುದು ಎರಡನ್ನೂ ಆಫ್ ಮಾಡಿ. ಸ್ಲ್ಯಾಷ್, ಡಾಟ್ ಕೈಗೆ ಹತ್ತಿರ ಬರುತ್ತವೆ. ಕಾಕಾ ಅವರ ಆ ಖಾಲಿ ಜಾಗವೂ ಹೆಚ್ಚಿನ ಸಲ ಬರುವುದೇ ಇಲ್ಲ.

ಎರಡನೇ ಪ್ರಶ್ನೆ, ಮನೆ ಇದೆಯಾ ಇಲ್ಲವಾ. ಇದನ್ನು ಬೇಗ ಮುಗಿಸುತ್ತೇನೆ. ಅಡ್ರೆಸ್ ತುಂಬಿದ ಕೂಡಲೇ ಆ ಸೈಟ್‌ಗೆ ಹೋಗಿ ನೋಡುವ ಆ್ಯಪ್‌ಗಳಿವೆ. ಗದಗದ ಬಸ್‌ನಲ್ಲಿ ಕೂತವರು ಫಾರ್ಮ್ ತುಂಬುತ್ತಿದ್ದಾರೆ, ಅಣ್ಣಿಗೇರಿ ಹತ್ತಿರ ಸಿಗ್ನಲ್ ಹೋಯಿತು ಅಂದುಕೊಳ್ಳಿ. ಅವರ ಅಡ್ರೆಸ್ ತಪ್ಪಾ? ಕೆಲವು ಸರ್ವರ್‌ಗಳು ಹೆಡ್ (ಪುಟ ಬೇಡ, ವಿವರ ಸಾಕು) ಅನ್ನುವ ವಿನಂತಿಗೆ 405, ಅಂದರೆ ಈ ಥರ ಕೇಳುವಂತಿಲ್ಲ, ಅನ್ನುತ್ತವೆ. ಯಂತ್ರ ಬಂದಿದೆ ಅಂತ ಅನುಮಾನ ಬಂದರೆ 403, ಅಂದರೆ ಪ್ರವೇಶ ಇಲ್ಲ, ಅನ್ನುತ್ತವೆ. ಪುಟ ಚೆನ್ನಾಗೇ ಇರುತ್ತದೆ. ನೋಡುವುದಾದರೆ ಸೇವ್ ಆದ ಮೇಲೆ, ಹಿಂದೆ ನಿಧಾನವಾಗಿ ನೋಡಿ. ಸಿಗದಿದ್ದರೆ ‘ಈ ಸೈಟ್ ಈಗ ಸಿಗಲಿಲ್ಲ, ಒಮ್ಮೆ ನೋಡಿಕೊಳ್ಳಿ’ ಅಂತ ಹೇಳಿ. ಸೇವ್ ಮಾಡಲು ಬಿಡದೆ ತಡೆಯಬೇಡಿ.

ಬಿಗಿ ಬೇಕಾದ ಜಾಗ ಈಗ ಬಂತು, ತೆರೆಯುವ ಹೊತ್ತು. ಇಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೇಳುವುದಿಲ್ಲ. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಸ್ಕೀಮ್ ಇದ್ದರೆ ತೆರೆಯಬೇಡಿ. ಜಾವಾಸ್ಕ್ರಿಪ್ಟ್, ಫೈಲ್, ಡೇಟಾ, ಇಂಟೆಂಟ್ ಇವು ನಿಮ್ಮ ವೆಬ್‌ವ್ಯೂ (ಆ್ಯಪ್‌ನೊಳಗೇ ವೆಬ್ ಪುಟ ತೋರಿಸುವ ಕಿಟಕಿ) ಒಳಗೆ ಕಾಲಿಟ್ಟರೆ ಬಳಕೆದಾರರ ಮಾಹಿತಿಗೇ ಕೈ ಹಾಕಬಹುದು. ‘ಇವು ಬೇಡ’ ಅನ್ನುವ ಪಟ್ಟಿಗಿಂತ ‘ಇವೆರಡು ಮಾತ್ರ’ ಅನ್ನುವ ಪಟ್ಟಿ ಇಡಿ. ಆ್ಯಟ್ (@) ಗುರುತು ಇನ್ನೊಂದು ಮೋಸ. ಅಡ್ರೆಸ್‌ನ ಶುರುವಿನಲ್ಲಿ ನಿಮ್ಮ ಬ್ಯಾಂಕಿನ ಹೆಸರು, ಆಮೇಲೆ ಆ್ಯಟ್, ಆಮೇಲೆ ಕಳ್ಳನ ಡೊಮೇನ್. ಓದುವವರಿಗೆ ಕಾಣುವುದು ಬ್ಯಾಂಕ್. ಫೋನ್ ಹೋಗುವುದು ಆ್ಯಟ್ ಆದ ಮೇಲಿನ ಮನೆಗೆ. ಅಂಗಡಿಯ ಅಡ್ರೆಸ್‌ನಲ್ಲಿ ಹೋಸ್ಟ್‌ಗಿಂತ ಮೊದಲು ಆ್ಯಟ್ ಬರುವ ಕಾರಣವೇ ಇಲ್ಲ, ನಿಲ್ಲಿಸಿ. ಹೋಸ್ಟ್ ಮುಗಿದ ಮೇಲೆ ಬರುವ ಆ್ಯಟ್ ಬೇರೆ. ಯೂಟ್ಯೂಬ್ ಚಾನೆಲ್ ಹೆಸರುಗಳಲ್ಲಿ ಅದು ಇದ್ದೇ ಇರುತ್ತದೆ, ಅದನ್ನು ತಡೆಯಬೇಡಿ. ಈ ವ್ಯತ್ಯಾಸ ಗೊತ್ತಾಗಲಿಕ್ಕೇ ಪಾರ್ಸರ್ ಬೇಕು ಅಂದದ್ದು.

ನಿಮ್ಮ ಸರ್ವರ್ ಆ ಅಡ್ರೆಸ್‌ಗೆ ಹೋಗಿ ಚಿತ್ರ, ತಲೆಬರಹ ತರುತ್ತದೆಯಾದರೆ ಇನ್ನೂ ಎಚ್ಚರ. ಯಾರಾದರೂ 127.0.0.1 ಅಂತ ಕೊಟ್ಟರೆ ಸರ್ವರ್ ತನ್ನ ಬಾಗಿಲನ್ನು ತಾನೇ ತಟ್ಟುತ್ತದೆ. 169.254.169.254 ಅಂತ ಕೊಟ್ಟರೆ ಕ್ಲೌಡ್‌ನ ಒಳಗಿನ ಗುಟ್ಟುಗಳೇ ಹೊರಬರಬಹುದು. 2130706433 ಅಂತ ಒಂದೇ ಸಂಖ್ಯೆ ಬರೆದರೂ ಅದು 127.0.0.1 ಆಗುತ್ತದೆ. ಆದ್ದರಿಂದ ಬರೆದ ಅಕ್ಷರ ನೋಡಿ ತೀರ್ಮಾನ ಮಾಡಬೇಡಿ. ಕೊನೆಗೆ ಯಾವ ಐಪಿಗೆ, ಅಂದರೆ ಯಾವ ಕಂಪ್ಯೂಟರ್‌ನ ನಂಬರ್‌ಗೆ, ಹೋಗುತ್ತಿದೆ ನೋಡಿ. ರೀಡೈರೆಕ್ಟ್ ಆದರೆ, ಅಂದರೆ ಒಂದು ಅಡ್ರೆಸ್ ಇನ್ನೊಂದಕ್ಕೆ ಕಳಿಸಿದರೆ, ಪ್ರತಿ ಸಲವೂ ನೋಡಿ.

ತದ್ವಿರುದ್ಧದ ಒಂದು ತೊಂದರೆಯೂ ಇದೆ. 2018ರ ಆಂಡ್ರಾಯ್ಡ್ 9ರಿಂದ, ಆ ಆವೃತ್ತಿಗೆ ಕಟ್ಟಿದ ಆ್ಯಪ್‌ಗಳು ಬರೀ ಎಚ್‌ಟಿಟಿಪಿ ಸೈಟ್‌ಗಳನ್ನು ತಾವಾಗಿ ತೆರೆಯುವುದಿಲ್ಲ. ಅಡ್ರೆಸ್ ಸರಿ ಇದೆ, ಬ್ರೌಸರ್‌ನಲ್ಲಿ ಬರುತ್ತದೆ, ನಿಮ್ಮ ವೆಬ್‌ವ್ಯೂನಲ್ಲಿ ಬರುವುದಿಲ್ಲ. ಅಂಥದ್ದನ್ನು ಬ್ರೌಸರ್‌ಗೇ ಕಳಿಸಿ. ಬಳಕೆದಾರರಿಗೆ ಅಡ್ರೆಸ್ ತಪ್ಪು ಅಂತ ಹೇಳಬೇಡಿ.

ಹೇಳುವ ಮಾತಿನ ಬಗ್ಗೆಯೂ ಒಂದೆರಡು ಮಾತು. ‘ಅಮಾನ್ಯ ಯುಆರ್‌ಎಲ್’ ಅಂತ ನಮ್ಮ ಬಾಕ್ಸ್ ಕೆಳಗೆ ಬರುತ್ತಿತ್ತು. ಕಾಕಾ ಅದನ್ನು ಓದಿ, ತಮ್ಮ ವೆಬ್‌ಸೈಟ್‌ನ ದುಡ್ಡು ಕಟ್ಟುವುದು ಬಾಕಿ ಇದೆಯೇನೋ ಅಂತ ಮಗಳಿಗೆ ಕೇಳಿದ್ದರಂತೆ. ಆಮೇಲೆ ಬದಲಾಯಿಸಿದೆವು. ನಡುವೆ ಖಾಲಿ ಜಾಗ ಇದ್ದರೆ ‘ಅಡ್ರೆಸ್‌ನ ನಡುವೆ ಜಾಗ ಬಿಟ್ಟಿದೆ, ಇಲ್ಲಿ ನೋಡಿ’ ಅಂತ ಆ ಜಾಗಕ್ಕೆ ಬಣ್ಣ ಹಚ್ಚಿ ತೋರಿಸುತ್ತೇವೆ. ಡಾಟ್ ಇಲ್ಲದಿದ್ದರೆ ‘ಕೊನೆಗೆ ಡಾಟ್ ಕಾಮ್, ಡಾಟ್ ಇನ್ ಥರದ್ದು ಬಿಟ್ಟುಹೋಗಿದೆಯಾ?’ ಅಂತ ಕೇಳುತ್ತೇವೆ. ಬಾಕ್ಸ್ ಪಕ್ಕ ‘ತೆರೆದು ನೋಡಿ’ ಅಂತ ಒಂದು ಬಟನ್ ಇಟ್ಟೆವು. ತಮ್ಮ ಅಂಗಡಿಯ ಪುಟ ಹೇಗಿರುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸರಿಯೋ ತಪ್ಪೋ ಅಂತ ಅವರೇ ನೋಡಿ ಹೇಳಲಿ.

ಅಲ್ಲಿ ಹಿಂದೆ ಕೂತವರು ಕೇಳುತ್ತಿದ್ದಾರೆ, ಟೈಪ್ ಮಾಡುತ್ತಿರುವಾಗಲೇ ಕೆಂಪು ತೋರಿಸಬೇಕಾ ಅಂತ. ಬೇಡ. ಮೊದಲ ಅಕ್ಷರ ಒತ್ತಿದ ಕೂಡಲೇ ತಪ್ಪು ಅನ್ನುವುದು ಮಾತು ಮುಗಿಸುವ ಮೊದಲೇ ಬಾಯಿ ಹಾಕಿದಂತೆ. ಅವರು ಆ ಬಾಕ್ಸ್ ಬಿಟ್ಟು ಮುಂದಿನದಕ್ಕೆ ಹೋದಾಗ ನೋಡಿ. ಒಮ್ಮೆ ಕೆಂಪು ತೋರಿಸಿದ ಮೇಲೆ ಮಾತ್ರ, ಅವರು ತಿದ್ದುತ್ತಿರುವಾಗಲೇ ಪ್ರತಿ ಅಕ್ಷರಕ್ಕೂ ನೋಡಿ, ಸರಿಯಾದ ಕ್ಷಣದಲ್ಲೇ ಕೆಂಪು ತೆಗೆಯಿರಿ. ಕಾಪಿ ಮಾಡಿದ ಅಡ್ರೆಸ್ ಅನ್ನು ನೀವೇ ಕ್ಲಿಪ್‌ಬೋರ್ಡ್‌ನಿಂದ ಎತ್ತಿಕೊಳ್ಳಲು ಹೋಗಬೇಡಿ. ಐಒಎಸ್ 14ರಿಂದ, ಆಂಡ್ರಾಯ್ಡ್ 12ರಿಂದ ಫೋನ್ ಅದನ್ನು ಬಳಕೆದಾರರಿಗೆ ತಿಳಿಸುತ್ತದೆ. ಈ ಆ್ಯಪ್ ನನ್ನದೇನೋ ಓದುತ್ತಿದೆ ಅಂತ ಅವರು ಗಾಬರಿಯಾಗುತ್ತಾರೆ. ‘ಪೇಸ್ಟ್ ಮಾಡಿ’ ಅಂತ ಒಂದು ಬಟನ್ ಇಡಿ, ಅವರೇ ಒತ್ತಲಿ.